ಇಲ್ಲದವರ ಊರಿನಲ್ಲಿ ಪುಟ್ಟಮಾದಮ್ಮ

ಕೊಳ್ಳೇಗಾಲದಲ್ಲಿ ನಾನು ಕೂತು ಕೆಲಸ ಮಾಡುವ ಕೋಣೆಯ ಕೆಳಗೆ ರೇಷ್ಮೆ ಮಗ್ಗಗಳಿವೆ. ಅವು ಓಡುವಾಗ ನೆಲ ಸಣ್ಣಗೆ ನಡುಗುತ್ತದೆ, ಲೋಟದ ನೀರಿನಲ್ಲಿ ಉಂಗುರ ಏಳುತ್ತದೆ. ಕರೆಂಟು ಹೋದರೆ ಮಗ್ಗ ನಿಲ್ಲುತ್ತದೆ, ನೀರು ಸುಮ್ಮನಾಗುತ್ತದೆ. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇದ್ದರೂ ನನ್ನ ಕೈ ಕೂಡ ಸುಮ್ಮನಾಗುತ್ತದೆ. ಈ ಪ್ರಸಂಗ ಶುರುವಾದ ದಿನ ಕರೆಂಟು ಇತ್ತೋ ಇಲ್ಲವೋ ನೆನಪಿಲ್ಲ. ಖಾಲಿ ಜಾಗಗಳನ್ನು ನಂಬುವಂತೆ ತುಂಬಿಸುವುದೇ ನನ್ನ ಕಸುಬಾದ್ದರಿಂದ ಓದುವವರಿಗೆ ಮೊದಲೇ ಒಂದು ಮಾತು ಹೇಳಿಬಿಡಬೇಕು: ಈ ಬರಹದಲ್ಲಿ ನಾನು ತುಂಬಿಸಿದ್ದನ್ನು ತುಂಬಿಸಿದ್ದು ಎಂದೇ ಹೇಳುತ್ತೇನೆ. ಹಾಗೆ ಹೇಳುವ ಅಭ್ಯಾಸ ನನಗೆ ಮೊದಲು ಇರಲಿಲ್ಲ.

ವೆಬ್ ಆ್ಯಪ್ ಕಟ್ಟುವವರಿಗೆ ಮೊದಲು ಎದುರಾಗುವುದು ಖಾಲಿ ಡೇಟಾಬೇಸು. ಕೋಷ್ಟಕಗಳಿರುತ್ತವೆ, ಒಳಗೆ ಯಾರೂ ಇರುವುದಿಲ್ಲ. ಆಸ್ಪತ್ರೆಯ ಆ್ಯಪ್‌ನಲ್ಲಿ ರೋಗಿಯಿಲ್ಲ, ಅಂಗಡಿಯ ಆ್ಯಪ್‌ನಲ್ಲಿ ಗಿರಾಕಿಯಿಲ್ಲ. ಯಾರೂ ಓಡಾಡದ ಮನೆಯಲ್ಲಿ ಯಾವ ಬಾಗಿಲು ಕಿರುಗುಟ್ಟುತ್ತದೆ ಎಂದು ತಿಳಿಯುವುದಿಲ್ಲ. ಅದಕ್ಕೇ ಪರೀಕ್ಷೆಗಾಗಿ ಸುಳ್ಳು ಜನರನ್ನು ಒಳಗೆ ಬಿಡುತ್ತಾರೆ. ಆ ಜನರನ್ನು ತಯಾರಿಸಿ ಕೂರಿಸುವ ಒಂದು ಲೈಬ್ರರಿಯನ್ನು ನಾನು ನೋಡಿಕೊಳ್ಳುತ್ತೇನೆ. ಲೈಬ್ರರಿ ಎಂದರೆ ಬೇರೆ ಪ್ರೋಗ್ರಾಮರುಗಳು ತಮ್ಮ ಕೆಲಸಕ್ಕೆ ಸೇರಿಸಿಕೊಳ್ಳಬಹುದಾದ ಸಿದ್ಧ ಕೋಡು. ಯಾರು ಬೇಕಾದರೂ ಬಳಸಬಹುದು, ಯಾರೂ ನನ್ನನ್ನು ಕೇಳಬೇಕಿಲ್ಲ. ಯಾರು ಬಳಸುತ್ತಿದ್ದಾರೆ ಎಂದು ನನಗೆ ಗೊತ್ತಾಗುವುದು ಅದು ಕೆಟ್ಟಾಗ ಮಾತ್ರ.

ಜನರನ್ನು ತಯಾರಿಸುವುದಕ್ಕಿಂತ ಕೂರಿಸುವುದು ಕಷ್ಟ. ರೈತ ಮೊದಲು ಬರಬೇಕು, ಅವನ ಬುಕಿಂಗ್ ಆಮೇಲೆ. ಬುಕಿಂಗ್ ಮುಂಚೆ ಹೋದರೆ ಡೇಟಾಬೇಸು ಬಾಗಿಲಲ್ಲೇ ತಡೆದು ನೀನು ಯಾರವನು ಎಂದು ಕೇಳುತ್ತದೆ. ಯಾವ ಕೋಷ್ಟಕ ಯಾವುದನ್ನು ನೆಚ್ಚಿಕೊಂಡಿದೆ ಎಂದು ನೋಡಿ, ತಳದ್ದನ್ನು ಮೊದಲು ತುಂಬಿ ಮೇಲೆ ಬರುವುದು ಲೈಬ್ರರಿಯ ಅರ್ಧ ಕೆಲಸ. ಇನ್ನರ್ಧ ಒಂದು ಸಂಖ್ಯೆಯದು. ಆ ಸಂಖ್ಯೆಯನ್ನು ಕೊಟ್ಟರೆ ಅದರಿಂದ ಹೆಸರು, ಊರು, ವಯಸ್ಸು ಒಂದೊಂದಾಗಿ ಉದುರುತ್ತವೆ. ಅದೇ ಸಂಖ್ಯೆ ಕೊಟ್ಟರೆ ಎಲ್ಲಿ ಬೇಕಾದರೂ ಅದೇ ಜನ ಅದೇ ಸಾಲಿನಲ್ಲಿ ಎದ್ದು ಬರುತ್ತಾರೆ. ಸಮುದ್ರದಾಚೆಯ ಯಾವುದೋ ಯಂತ್ರಕ್ಕೆ ಬಿದ್ದ ಕನಸೇ ನನ್ನ ಕೋಣೆಯಲ್ಲೂ, ಕೊನೆಯ ಮನೆಯ ಕೊನೆಯ ಮಗುವಿನ ತನಕ ಒಂದಿಷ್ಟೂ ಬದಲಾಗದೆ, ಬೀಳುತ್ತದೆ. ಎಷ್ಟೋ ಮಧ್ಯಾಹ್ನ ನಾನು ಕೆಲಸ ಬಿಟ್ಟು ಆ ಹೆಸರುಗಳು ಪರದೆಯ ಮೇಲೆ ಹರಿಯುವುದನ್ನು ನೋಡುತ್ತಾ ಕೂತಿದ್ದೇನೆ. ಕೆಳಗೆ ಮಗ್ಗ ಓಡುತ್ತಿತ್ತು.

ನಮ್ಮ ಲೈಬ್ರರಿಯನ್ನು ಜನ ಮೆಚ್ಚಿಕೊಂಡದ್ದು ಅದರ ಅಳಿಸುವ ರೀತಿಗಾಗಿ. ಬೇರೆಯವು ತಾವು ತುಂಬಿದ ಸಾಲುಗಳಿಗೆ ಗುರುತು ಹಾಕಿ, ಆ ಗುರುತು ನೋಡಿ ಅಳಿಸುತ್ತವೆ. ನಮ್ಮದು ಗುರುತನ್ನೇ ಹಾಕುತ್ತಿರಲಿಲ್ಲ. ಅಳಿಸು ಎಂದಾಗ ಅದೇ ಸಂಖ್ಯೆಯಿಂದ ಅದೇ ಜನರನ್ನು ಮನಸ್ಸಿನಲ್ಲೇ ಮತ್ತೆ ಹುಟ್ಟಿಸಿ, ಹೆಸರು, ತಂದೆಯ ಅಥವಾ ಗಂಡನ ಹೆಸರು, ಊರು ಈ ಮೂರೂ ಹೊಂದುವ ಸಾಲನ್ನು ಹುಡುಕಿ ತೆಗೆಯುತ್ತಿತ್ತು. ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ. ನನ್ನ ಜೊತೆ ಲೈಬ್ರರಿಯನ್ನು ನೋಡಿಕೊಳ್ಳುವ ಇನ್ನೊಬ್ಬರು ದೂರದ ದೇಶದಲ್ಲಿದ್ದಾರೆ, ಮುಖ ನೋಡಿಲ್ಲ. ನಾವಿಬ್ಬರೂ ಈ ಒಂದು ಗುಣವನ್ನು ಮಗುವಿನ ಹಾಗೆ ಮುದ್ದು ಮಾಡುತ್ತಿದ್ದೆವು.

ಆಮೇಲೆ ನಾನು ನಮ್ಮ ಕಡೆಯ ಹೆಸರುಗಳ ಕಟ್ಟೊಂದನ್ನು ಸೇರಿಸಿದೆ. ಅಲ್ಲಿದ್ದ ಭಾರತದ ಹೆಸರುಗಳೆಲ್ಲ ಯಾವುದೋ ದೊಡ್ಡ ಊರಿನ ಅಪಾರ್ಟ್‌ಮೆಂಟಿನ ಬೋರ್ಡಿನಿಂದ ಎತ್ತಿಕೊಂಡ ಹಾಗಿದ್ದವು. ನಾನು ಬಸ್ ನಿಲ್ದಾಣದಲ್ಲಿ ಜನ ಒಬ್ಬರನ್ನೊಬ್ಬರು ಕೂಗುವುದನ್ನು ಕೇಳಿಸಿಕೊಂಡೆ, ಗೋಡೆಗೆ ಅಂಟಿಸಿದ ಮದುವೆಯ ಪೋಸ್ಟರು ಓದಿದೆ. ಬೆಟ್ಟದ ದೇವರು ಮಾದಪ್ಪನ ಸೀಮೆ ಇದು. ಅವನೊಬ್ಬನ ಹೆಸರೇ ಮಾದೇಶ, ಮಾದಯ್ಯ, ದೊಡ್ಡಮಾದಯ್ಯ, ಮಾದಮ್ಮ, ಪುಟ್ಟಮಾದಮ್ಮ ಎಂದು ಮನೆಮನೆಗೂ ಹರಡಿಕೊಂಡಿದೆ. ಅವನ್ನೆಲ್ಲ ಯಾವುದು ಎಷ್ಟು ಸಲ ಕಿವಿಗೆ ಬೀಳುತ್ತದೋ ಅಷ್ಟೇ ಸಲ ಬರುವ ಹಾಗೆ ತೂಗಿ ಇಟ್ಟೆ. ಊರುಗಳಾಗಿ ಮುಳ್ಳೂರು, ಸತ್ತೇಗಾಲ, ಲೊಕ್ಕನಹಳ್ಳಿ ಬಂದವು. ಮೊದಲ ಸಲ ಓಡಿಸಿದಾಗ ಪರದೆಯ ಮೇಲೆ ನಮ್ಮ ಕೆಂಪು ಬಸ್ಸೊಂದು ಬಂದು ನಿಂತು ಜನ ಇಳಿದ ಹಾಗಾಯಿತು.

ಸ್ವಲ್ಪ ಕಾಲದ ಮೇಲೆ ಬೇರೆ ಯಾವುದೋ ದೇಶದವರೊಬ್ಬರು ದೂರು ಬರೆದರು: ಅಳಿಸುವ ಆಜ್ಞೆ ಕೊಟ್ಟ ಮೇಲೆ ನಿಜವಾದ ಒಬ್ಬ ನೌಕರನ ಸಾಲು ಕಾಣುತ್ತಿಲ್ಲ. ನಾನು ಅವರು ಕೊಟ್ಟ ಸಂಖ್ಯೆ ಹಾಕಿ, ಅವರ ಕೋಷ್ಟಕಗಳನ್ನೇ ಕಟ್ಟಿ ನೋಡಿದೆ. ನನ್ನಲ್ಲಿ ಎಲ್ಲ ಸರಿಯಾಗಿತ್ತು, ಏಕೆಂದರೆ ನನ್ನಲ್ಲಿ ನಿಜವಾದ ನೌಕರರೇ ಇರಲಿಲ್ಲ. ಕಾರಣ ಸಿಗಲಿಲ್ಲ ಎಂದು ಬರೆದು ದೂರನ್ನು ಮುಚ್ಚಿದೆ.

ಯಳಂದೂರಿನ ಹೊರಗೆ ರಸ್ತೆ ಬದಿಗೆ ಒಂದು ಚಾಕಿ ಕೇಂದ್ರವಿದೆ. ಮೊಟ್ಟೆಯಿಂದ ಎದ್ದ ರೇಷ್ಮೆ ಹುಳುಗಳನ್ನು ಎರಡನೇ ಜ್ವರದ ತನಕ, ಅಂದರೆ ಎರಡನೇ ಸಲ ಪೊರೆ ಬಿಡುವ ತನಕ, ಅಲ್ಲಿ ಸಾಕಿ ಆಮೇಲೆ ರೈತರ ಮನೆಗೆ ಕಳಿಸುತ್ತಾರೆ. ಆ ಕೇಂದ್ರದ ಬುಕಿಂಗ್ ಆ್ಯಪ್ ಮಾಡಿದ್ದವನು ಯಳಂದೂರಿನಲ್ಲೇ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಒಬ್ಬಾತ. ಅವನು ಫೋನ್ ಮಾಡಿದ. ಹೊಸ ಆ್ಯಪ್ ಕಲಿಯಲೆಂದು ಕೇಂದ್ರದ ಕೆಲಸಗಾರರಿಗೆ ನನ್ನ ಲೈಬ್ರರಿಯ ಸುಳ್ಳು ರೈತರನ್ನು ತುಂಬಿಸಿ ಕೊಟ್ಟಿದ್ದನಂತೆ. ಅವರು ಕಲಿಯುತ್ತಿರುವಾಗಲೇ ನಿಜವಾದ ರೈತರೂ ಬಂದು ಬುಕ್ ಮಾಡಿಸಿದರು. ಆಮೇಲೆ ಅವನು ಅಳಿಸುವ ಆಜ್ಞೆ ಕೊಟ್ಟ.

"ಅಕ್ಕಾ, ನಿಮ್ ಜನ ಒಂಟೋದ್ರು ಸರಿ," ಎಂದ. "ನಮ್ ಜನನೂ ಜೊತೆಗೆ ಕರ್ಕಂಡು ಓಗವ್ರೆ."

ನಡೆದದ್ದು ಇಷ್ಟು. ಲೊಕ್ಕನಹಳ್ಳಿ ಕಡೆಯಿಂದ ಒಬ್ಬ ಹೆಂಗಸು, ಪುಟ್ಟಮಾದಮ್ಮ ಎಂದು ಹೆಸರು, ತನ್ನ ಹುಳು ಹೊತ್ತ ವ್ಯಾನು ಯಾವ ಹೊತ್ತಿಗೆ ಬರುತ್ತದೆ ಎಂದು ಕೇಳಲು ಬಸ್ಸು ಬದಲಿಸಿಕೊಂಡು ಕೇಂದ್ರಕ್ಕೇ ಬಂದಿದ್ದಳು. ಪರದೆಯಲ್ಲಿ ಹುಡುಕಿದರು. ಆ ಹೆಸರಿನವರು ಯಾರೂ ಇಲ್ಲ ಎಂದರು. ಬೇರೆ ಎಲ್ಲೋ ಬುಕ್ ಮಾಡಿಸಿರಬೇಕು ನೋಡಮ್ಮ ಎಂದು ಕಳಿಸಿದರು. ಅವಳು ಜಗಳ ಮಾಡದೆ ಎದ್ದು ಹೋದಳಂತೆ. ಕೇಂದ್ರದ ಯಜಮಾನರಿಗೆ ಅವಳು ಹೋದ ಮೇಲೆ ಮುಖ ನೆನಪಾಯಿತು: ಬುಕ್ ಮಾಡಿಸಿದ ದಿನ ಅವಳು ಅಲ್ಲೇ ಜಗಲಿಯ ಮೇಲೆ ಕೂತು ಹಂದಿಯ ಕಾಟದ ಮಾತಾಡಿದ್ದಳು.

ಇದರಲ್ಲಿ ಅವಳಿಗೆ ಹೋಗುವುದೇನು ಎಂದು ಅರ್ಥವಾಗಬೇಕಾದರೆ ಸೊಪ್ಪಿನ ಲೆಕ್ಕ ತಿಳಿದಿರಬೇಕು. ಹುಳು ಬರುವ ದಿನಕ್ಕೆ ಸರಿಹೊಂದುವ ಹಾಗೆ ರೈತರು ಹಿಪ್ಪುನೇರಳೆ ತೋಟವನ್ನು ಮೊದಲೇ ಕಟಾವು ಮಾಡಿ ಬಿಟ್ಟಿರುತ್ತಾರೆ. ಚಿಗುರು ಎದ್ದು ಸೊಪ್ಪು ಹದಕ್ಕೆ ಬಂದಿರುತ್ತದೆ. ಹುಳು ಬರದಿದ್ದರೆ ಸೊಪ್ಪು ಬಲಿತು ಗಡುಸಾಗುತ್ತದೆ, ಆ ಬೆಳೆ ಹೋಯಿತು. ತೋಟವನ್ನು ಮತ್ತೆ ಕತ್ತರಿಸಿ ಮೊದಲಿಂದ ಕಾಯಬೇಕು. ಪುಟ್ಟಮಾದಮ್ಮನ ಸೊಪ್ಪು ಆಗಲೇ ಹದಕ್ಕೆ ಬಂದಿತ್ತು.

ನಾನು ಯಳಂದೂರಿನ ಬಸ್ಸು ಹತ್ತಿದೆ. ದಾರಿಯಲ್ಲಿ ಬಿಳಿಗಿರಿ ಬೆಟ್ಟದ ಸಾಲಿನ ಮೇಲೆ ಮೋಡ ಕೂತಿತ್ತು. ಈ ಮೋಡ ತುಂಬಿಸಿದ್ದು.

ಚಾಕಿ ಕೇಂದ್ರದ ಒಳಗೆ ಬಾಯಿಂದ ಬಿಟ್ಟ ಉಸಿರಿನ ಹಾಗೆ ಬೆಚ್ಚಗೆ, ಒದ್ದೆಯಾಗಿತ್ತು. ಹೆಚ್ಚಿದ ಸೊಪ್ಪಿನ ವಾಸನೆ ಮೂಗಿಗೆ ಬಂತು. ಒಂದರ ಮೇಲೊಂದು ಇಟ್ಟ ತಟ್ಟೆಗಳಲ್ಲಿ ಮೇಣದ ಕಾಗದದ ಕೆಳಗೆ ಹುಳುಗಳು. ಎರಡನೇ ಜ್ವರಕ್ಕೆ ಕೂರುವ ಹೊತ್ತು, ಕೆಲವು ಇನ್ನೂ ತಿನ್ನುತ್ತಿದ್ದವು, ಕೆಲವು ತಲೆಯೆತ್ತಿ ನಿಶ್ಚಲವಾಗಿದ್ದವು. ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಇಷ್ಟೆಲ್ಲ ಮಾಡಿದ್ದು ನೀನೇನಾ ಎನ್ನುವ ಹಾಗೆ ನಕ್ಕು, ಕುರ್ಚಿ ಎಳೆದರು. ಆ್ಯಪ್ ಮಾಡಿದವನು ಪಕ್ಕದಲ್ಲಿ ನಿಂತ.

ಸುಳ್ಳು ಜನರ ಜೊತೆ ಹೆಸರು, ಗಂಡ ಅಥವಾ ತಂದೆ, ಊರು ಮೂರೂ ಹೊಂದಿದ ನಿಜದವರೂ ಅಳಿದಿದ್ದರು, ಹೋದ ಸಾಲುಗಳ ಪ್ರತಿ ಎಲ್ಲೂ ಇರಲಿಲ್ಲ. ಉಳಿಸಿಟ್ಟಿದ್ದ ಬ್ಯಾಕಪ್ಪು ಈ ಬುಕಿಂಗ್‌ಗಳಿಗಿಂತ ಹಳೆಯದು. ಹಾಗಾದರೆ ಯಾರು ಹೋದರು ಎಂದು ತಿಳಿಯುವ ದಾರಿ ಒಂದೇ: ಸುಳ್ಳು ಜನರನ್ನೆಲ್ಲ ಅದೇ ಸಂಖ್ಯೆಯಿಂದ ಮತ್ತೊಮ್ಮೆ ಕರೆಯುವುದು, ಅವರಲ್ಲಿ ನಿಜವಾಗಿ ಇರುವವರು ಯಾರು ಎಂದು ಕೇಳುವುದು. ನಾನು ಹುಟ್ಟಿಸಿದ ಜನರನ್ನು ಒಬ್ಬೊಬ್ಬರಾಗಿ ಓದಿ ಹೇಳಿದೆ. ಯಜಮಾನರು ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಕೆಂಪಮ್ಮ, ಗಂಡ ರಾಚಪ್ಪ, ಸತ್ತೇಗಾಲ."

"ಅವ್ಳೆ. ಆದ್ರೆ ಉಳ ಸಾಕಲ್ಲ, ತೆಂಗು ಅವ್ರುದ್ದು."

"ಮಾದೇಶ, ತಂದೆ ದೊಡ್ಡಮಾದಯ್ಯ, ಮುಳ್ಳೂರು."

"ಅವ್ನೂ ಅವ್ನೆ. ಬುಕ್ ಮಾಡ್ಸಿದ್ದ ಕಣೇಳು. ಮುಂದ್ಲ ಬ್ಯಾಚು ಅವುಂದು, ಬರ್ಕೋ." ಒಂದು ಕಣ್ಣು ತೆರೆದು ನನ್ನನ್ನು ನೋಡಿದರು. "ಅಲ್ಲಾ ಕಣವ್ವ, ಈ ಸೀಮೆ ಜನನೆಲ್ಲ ನೀನೇ ಎತ್ತಂಗೆ ಬರ್ದಿದಿಯಲ್ಲ."

ಹೀಗೆ ಮೂವರು ಸಿಕ್ಕರು. ಇಬ್ಬರ ಹುಳು ಇನ್ನೂ ಮೊಟ್ಟೆಯಲ್ಲಿದ್ದವು, ಅವರ ಹೆಸರನ್ನು ಮತ್ತೆ ಸೇರಿಸಿದರೆ ಸಾಕಾಯಿತು. ಮೂರನೆಯವಳು ಪುಟ್ಟಮಾದಮ್ಮ, ಗಂಡ ಮಾದಯ್ಯ, ಲೊಕ್ಕನಹಳ್ಳಿ. ರೈತನ ಸಾಲು ಹೋದರೆ ಅವನ ಬುಕಿಂಗೂ ಜೊತೆಗೇ ಹೋಗಬೇಕು ಎಂಬುದು ಡೇಟಾಬೇಸಿನ ನಿಯಮ. ಅವಳ ಬುಕಿಂಗ್ ಹೋದದ್ದೇ ಆ ಜಾಗ ಖಾಲಿ ಎಂದು ತಿಳಿದ ಆ್ಯಪ್ ಕಾಯುತ್ತಿದ್ದ ಇನ್ನೊಬ್ಬರಿಗೆ ಅದನ್ನು ಕೊಟ್ಟು, ಅವರ ಫೋನಿಗೆ ಸಂದೇಶವನ್ನೂ ಕಳಿಸಿತ್ತು. ಅವರು ತಮ್ಮ ಹುಳುಮನೆ ತೊಳೆದು, ಸುಣ್ಣ ಹೊಡೆದು ಕಾಯುತ್ತಿದ್ದರು. ಎಲ್ಲವೂ ಸರಿಯಾದ ಕ್ರಮದಲ್ಲೇ ನಡೆದಿತ್ತು. ತಟ್ಟೆಗಳಲ್ಲಿ ಇದ್ದ ಹುಳುಗಳಿಗೆಲ್ಲ ವಾರಸುದಾರರಿದ್ದರು.

ನಾನು ಸುಮ್ಮನೆ ಕೂರಲಾರದೆ, ಉಳಿದಿರುವ ಸಾಲುಗಳನ್ನಾದರೂ ಶುದ್ಧ ಮಾಡೋಣವೆಂದು ಅಲ್ಲೇ ಒಂದು ಸಣ್ಣ ಪ್ರೋಗ್ರಾಂ ಬರೆದೆ. ತಂದೆಯ ಹೆಸರಿಲ್ಲ, ಫೋನಿಲ್ಲ, ತೋಟದ ವಿವರವಿಲ್ಲ ಎಂದಾದರೆ ಆ ಸಾಲಿನ ಮೇಲೆ ಅನುಮಾನದ ಅಂಕ ಏರುತ್ತದೆ. ಅಂಕ ಹೆಚ್ಚಾದರೆ ಅದು ಅಳಿಯದೆ ಉಳಿದುಬಿಟ್ಟ ಸುಳ್ಳು. ಓಡಿಸಿದೆ. ಎಲ್ಲಕ್ಕಿಂತ ಮೇಲೆ ಒಂದೇ ಸಾಲು ಬಂತು. ಹೆಸರು ಮಾದಪ್ಪ, ತಂದೆ ಇಲ್ಲ, ಫೋನ್ ಇಲ್ಲ, ತೋಟ ಇಲ್ಲ, ಊರು ಎಂಬಲ್ಲಿ ಬೆಟ್ಟ ಎಂದಿತ್ತು. ಬುಕಿಂಗ್ ಮಾತ್ರ ಇತ್ತು, ಅದೂ ಈ ಬ್ಯಾಚಿನ ಮೊಟ್ಟಮೊದಲ ಬುಕಿಂಗು. ಇದು ಖಂಡಿತ ನನ್ನದೇ, ಇದನ್ನು ತೆಗೆದರೆ ಅಷ್ಟು ಹುಳು ಬಿಡುಗಡೆಯಾಗುತ್ತದೆ ಎಂದು ಉತ್ಸಾಹದಿಂದ ಕೀಲಿಯ ಮೇಲೆ ಬೆರಳಿಟ್ಟೆ.

"ಅದ ಮುಟ್ಬ್ಯಾಡ ಕಣವ್ವ," ಎಂದರು ಯಜಮಾನರು. "ಅದು ನಮ್ ಮಾದಪ್ಪ."

ಯಾವ ಮಾದಪ್ಪ ಎಂದು ಕೇಳಿದೆ.

"ಯಾವ್ ಮಾದಪ್ಪ ಅಂದ್ರೆ? ಬೆಟ್ಟದ ಮ್ಯಾಲೆ ಕೂತವ್ನಲ್ಲ, ಅವ್ನು. ನಮ್ ಅಳೇ ಗಿರಾಕಿ."

ಆ್ಯಪ್ ಮಾಡಿದವನು ಗೋಡೆಯ ಕಡೆ ತಿರುಗಿ ನಗುತ್ತಿದ್ದ. ಕೇಂದ್ರ ಶುರುವಾದಾಗಿನಿಂದ ಪ್ರತಿ ಬೆಳೆಗೂ ಮೊದಲ ಬುಕಿಂಗ್ ದೇವರ ಹೆಸರಿನಲ್ಲಿ. ಆ ಹುಳುವನ್ನು ಯಾರಾದರೊಬ್ಬರು ತಮ್ಮ ಸೊಪ್ಪು ಹಾಕಿ ಮೇಯಿಸುತ್ತಾರೆ. ಗೂಡು ಮಾರಿ ಬಂದದ್ದರಲ್ಲಿ ಬೆಟ್ಟಕ್ಕೆ ನಡೆದು ಹೋಗುವವರಿಗೆ ದಾರಿಯಲ್ಲಿ ನೀರು ಮಜ್ಜಿಗೆ ಕೊಡುತ್ತಾರೆ. ಈ ಬೆಳೆಯ ಸರದಿ ಯಜಮಾನರದೇ ಇತ್ತು. ಅವನ ಹೆಸರಿನ ಅಷ್ಟು ರೂಪಗಳನ್ನು ಬಸ್ ನಿಲ್ದಾಣದಲ್ಲಿ ನಿಂತು ಕೂಡಿಸಿದ್ದ ನಾನು ಅವನನ್ನೇ ಗುರುತಿಸಿರಲಿಲ್ಲ.

ಬೆರಳು ತೆಗೆದೆ. ಆ ಹೊತ್ತಿನಲ್ಲಿ ಏನು ಯೋಚಿಸಿದೆ ಎಂದು ಈಗ ಚೆಂದವಾಗಿ ಬರೆಯಬಹುದು, ಆದರೆ ಅದು ತುಂಬಿಸಿದ್ದಾಗುತ್ತದೆ. ನೆನಪಿರುವುದು ಕೋಣೆಯ ಸದ್ದು ಮಾತ್ರ. ಕಾಗದದ ಕೆಳಗೆ ಸಾವಿರಾರು ಹುಳು ಸೊಪ್ಪು ಕಡಿಯುವ ಸದ್ದು, ದೂರದಲ್ಲಿ ಯಾರೋ ಅಕ್ಕಿ ಕೇರುತ್ತಿರುವ ಹಾಗೆ. ಆ ಸದ್ದಿನ ನಡುವೆ ಒಂದು ಮಾತು ಮಾತ್ರ ಸ್ಪಷ್ಟವಾಗಿತ್ತು. ಯಾರು ನಿಜ, ಯಾರು ಸುಳ್ಳು ಎಂದು ನನ್ನ ಲೈಬ್ರರಿ ನೋಡಿ ಹೇಳಲಾರದು. ಎಷ್ಟು ಜಾಣ ಮಾಡಿದರೂ ಹೇಳಲಾರದು. ತಾನು ಯಾರನ್ನು ಹುಟ್ಟಿಸಿದೆ ಎಂದು ಅದು ನೆನಪಿಟ್ಟುಕೊಳ್ಳಬಹುದು, ಅಷ್ಟೇ. ನೆನಪಿಲ್ಲದವರನ್ನು ಮುಟ್ಟಬಾರದು.

ಯಜಮಾನರು ಅಷ್ಟರಲ್ಲಿ ತಮ್ಮ ತೀರ್ಮಾನ ಮಾಡಿಯಾಗಿತ್ತು. ಮಾದಪ್ಪನ ಹುಳು ಪುಟ್ಟಮಾದಮ್ಮನಿಗೆ ಹೋಗಲಿ, ಅವನು ಮುಂದಿನ ಬೆಳೆಗೆ ತೆಗೆದುಕೊಳ್ಳಲಿ. ಅವಳು ಕೇಳಿದ್ದರ ಅರ್ಧದಷ್ಟೇ ಅದು, ಆದರೂ ಬರಿಗೈಗಿಂತ ವಾಸಿ. ಅವಳ ಫೋನ್ ನಂಬರ್ ಅವಳ ಸಾಲಿನ ಜೊತೆಗೇ ಹೋಗಿತ್ತು. ಅವಳು ಆಗಲೇ ಬೇರೆ ಕಡೆ ಹುಳು ಹಿಡಿದಿದ್ದಾಳೋ, ಸೊಪ್ಪನ್ನು ಯಾರಿಗಾದರೂ ಕೊಟ್ಟುಬಿಟ್ಟಿದ್ದಾಳೋ ಕೇಳುವ ದಾರಿ ಇರಲಿಲ್ಲ. ಹನೂರು ಕಡೆಗೆ ವ್ಯಾನು ಹೇಗೂ ಹೋಗಬೇಕಿತ್ತು. ನಾನೂ ಹತ್ತುತ್ತೇನೆ ಎಂದೆ.

ಜ್ವರಕ್ಕೆ ಕೂತ ಹುಳುವನ್ನು ಬೆಳಗಿನ ತಂಪಿನಲ್ಲೇ ಸಾಗಿಸಬೇಕು. ಮಾರನೆಯ ನಸುಕಿಗೇ ಹೊರಟ ವ್ಯಾನು ಹುಳು ಅಲುಗದಿರಲೆಂದು ಮೆಲ್ಲಗೆ ಹೋಯಿತು. ಕೊಳ್ಳೇಗಾಲ ಇನ್ನೂ ಬಾಗಿಲು ತೆರೆಯುತ್ತಿತ್ತು. ನನ್ನ ಕೋಣೆಯ ಕಿಟಕಿಯ ಕೆಳಗೇ ಹಾದುಹೋದೆವು. ಒಳಗೆ ನಾನೇ ಕೂತು ಕೆಲಸ ಮಾಡುತ್ತಿರುವುದು ಕಂಡೀತು ಎನ್ನಿಸಿ ತಲೆಯೆತ್ತಿ ನೋಡಿದೆ. ಹನೂರು ದಾಟಿದ ಮೇಲೆ ಹೊಲಗಳು ತೆಳ್ಳಗಾಗುತ್ತಾ ಕಾಡು ಹತ್ತಿರ ಬಂತು. ಮರದ ಮೇಲಿನ ಕಾವಲು ಅಟ್ಟಣೆಗಳು ಕಂಡವು. ಬದುವಿನ ಮೇಲೆ ಯಾರೋ ನಿಂತು ಕೈಯೆತ್ತಿದರು, ವ್ಯಾನನ್ನು ನಿಲ್ಲಿಸಲೋ ಸುಮ್ಮನೆಯೋ ಗೊತ್ತಾಗಲಿಲ್ಲ. ಹಿಂದಿನ ತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿಕೊಂಡು ನಿದ್ದೆ ಮಾಡುತ್ತಿದ್ದವು. ನಿದ್ದೆಯಲ್ಲಿ ಇಷ್ಟು ದೂರ ಬಂದು, ಎದ್ದಾಗ ಬೇರೆ ಊರಿನ ಸೊಪ್ಪು ತಿನ್ನುತ್ತವೆ. ಡ್ರೈವರು ಇಡೀ ದಾರಿ ಒಂದೇ ಒಂದು ಮಾತನಾಡಿದ, ಏನೆಂದು ಮರೆತಿದ್ದೇನೆ.

ಲೊಕ್ಕನಹಳ್ಳಿಯಲ್ಲಿ ಪುಟ್ಟಮಾದಮ್ಮನ ಮನೆ ಕೇಳಿದರೆ ಯಾವ ಪುಟ್ಟಮಾದಮ್ಮ ಎಂದರು. ಹಿಪ್ಪುನೇರಳೆ ಸೊಪ್ಪಿನವಳು ಎಂದ ಮೇಲೆ ಕೈ ತೋರಿಸಿದರು. ಊರಾಚೆ ಬೋರ್‌ವೆಲ್ಲಿನ ಪಕ್ಕ ಸಣ್ಣ ತೋಟ, ತೋಟದಂಚಿಗೆ ಹುಳುಮನೆ. ಸೊಪ್ಪು ಮೊಣಕಾಲು ಮೀರಿ ನಿಂತು ಬಿಸಿಲಿಗೆ ಹೊಳೆಯುತ್ತಿತ್ತು. ಅವಳು ಕುಡುಗೋಲು ಹಿಡಿದು ತೋಟದಲ್ಲಿ ಬಗ್ಗಿದ್ದಳು. ಕತ್ತರಿಸಿದ ಕಡ್ಡಿಗಳ ಒಂದು ಹೊರೆ ಆಗಲೇ ಮೇಕೆಗಳ ಮುಂದೆ ಬಿದ್ದಿತ್ತು. ವ್ಯಾನು ನೋಡಿ ನೆಟ್ಟಗಾದಳು.

"ಇಲ್ದೋಳ ಮನೆಗೆ ಬಂದಿದ್ದೀರಿ," ಎಂದಳು. "ಕೂತ್ಕಳಿ."

ಡ್ರೈವರು ತಟ್ಟೆ ಇಳಿಸುವ ಮುಂಚೆ ನಾನು ನಡೆದದ್ದನ್ನು ಹೇಳಬೇಕಿತ್ತು. ಕಂಪ್ಯೂಟರಿನಲ್ಲಿ ಪರೀಕ್ಷೆಗಾಗಿ ಸುಳ್ಳು ಜನರನ್ನು ಮಾಡುತ್ತೇನೆ, ಅದರಲ್ಲಿ ನಿನ್ನ ಹೆಸರಿನವಳೊಬ್ಬಳಿದ್ದಳು, ಅವಳನ್ನು ಅಳಿಸುವಾಗ ನೀನೂ ಅಳಿದುಹೋದೆ ಎಂದೆ. ಹೇಳುವಾಗ ನನಗೇ ಯಾವುದೋ ಜ್ವರದ ಕನಸನ್ನು ಹೇಳಿದ ಹಾಗಿತ್ತು. ಅವಳು ಕುಡುಗೋಲಿನ ಅಂಚನ್ನು ಸೆರಗಿನಿಂದ ಒರೆಸುತ್ತಾ ಪೂರ್ತಿ ಕೇಳಿದಳು.

"ನನ್ ಗಂಡನ್ ಎಸ್ರೂ ಅದೇ ಆಕಿದ್ದಾ?"

ಹೂಂ ಎಂದೆ.

"ಅವುನ್ನ ಯಾಕವ್ವ ಅವಳ್ಗೆ ಗಂಟಾಕ್ದೆ? ನಿನ್ ಕೈಲೇ ಇತ್ತಲ್ಲ, ಇನ್ನೊಸಿ ಒಳ್ಳೇನ್ನ ನೋಡ್ಬೇಕಿತ್ತು."

ಡ್ರೈವರು ಜೋರಾಗಿ ನಕ್ಕ. ಹುಳುಮನೆಯ ಒಳಗಿನಿಂದ ಗಂಡಸೊಬ್ಬರು ಕೆಮ್ಮಿದರು.

ಈ ಹುಳು ಮಾದಪ್ಪನ ಪಾಲಿನದು, ಯಜಮಾನರು ನಿನಗೆ ಕೊಟ್ಟಿದ್ದಾರೆ ಎಂದಾಗ ಮಾತ್ರ ಅವಳ ಮುಖ ಬದಲಾಯಿತು. ದೇವರದ್ದನ್ನು ತನ್ನದೆಂದು ಮೇಯಿಸಲಾರೆ ಎಂದಳು. ತಟ್ಟೆಗೆ ಬಿಸಿಲು ಬೀಳದ ಹಾಗೆ ತಾನೇ ಅಡ್ಡ ನಿಂತಿದ್ದಳು, ಆದರೆ ಕೈ ಚಾಚಲಿಲ್ಲ. ಇನ್ನೊಂದು ಸ್ವಲ್ಪ ಹೊತ್ತಾದರೆ ಹುಳುವಿಗೆ ಬಿಸಿ ತಟ್ಟುತ್ತದೆ ಎಂದು ಡ್ರೈವರು ಗೊಣಗಿದ. ಅವಳು ಒಳಗೆ ಕೆಮ್ಮಿದವರನ್ನು ಏನೋ ಕೇಳಿ ಬಂದಳು.

"ಕೈಬದಲು ಅಂತ ತಕ್ಕತೀನಿ," ಎಂದಳು. "ಮುಂದ್ಲ ಬೆಳೆಲಿ ಇಷ್ಟೇ ಉಳ ಅವುನ್ ಎಸ್ರಲ್ಲಿ ನಾನೇ ಮೇಯಿಸಿ ಕೊಡ್ತೀನಿ. ಯಜಮಾನ್ರಿಗೆ ಏಳು."

ಅಲ್ಲೇ ಯಜಮಾನರಿಗೆ ಫೋನ್ ಮಾಡಿ ಒಪ್ಪಿಸಿದೆ. ಹಾಗಾದರೆ ಆ್ಯಪ್‌ನಲ್ಲಿ ಈ ಬುಕಿಂಗನ್ನು ನಿನ್ನ ಹೆಸರಿಗೆ ಬದಲಿಸುತ್ತೇನೆ ಎಂದು ಮೊಬೈಲು ತೆಗೆದೆ. ಬೇಡ ಎಂದಳು. ಹೆಸರು ಅವನದೇ ಇರಲಿ, ಅವನ ಹೆಸರನ್ನು ಯಾರೂ ಅಳಿಸುವುದಿಲ್ಲವಲ್ಲ. ಆಮೇಲೆ ತಟ್ಟೆಗೆ ಕೈ ಕೊಟ್ಟಳು.

ಹುಳುಮನೆಯ ಒಳಗೆ ಸುಣ್ಣದ ತಣ್ಣನೆ ವಾಸನೆ. ಅವಳು ತಟ್ಟೆಗಳನ್ನು ನೆರಳಲ್ಲಿ ಜೋಡಿಸಿದಳು. ಹುಳು ಜ್ವರದಿಂದ ಏಳುವ ತನಕ ಸೊಪ್ಪು ಹಾಕುವಂತಿಲ್ಲ, ಕಾಯಬೇಕು. ನಾವಿಬ್ಬರೂ ಬಾಗಿಲಲ್ಲಿ ಕೂತೆವು. ಅವಳು ಕೇಳಿದಳು:

"ಆ ಇನ್ನೊಬ್ಳು ಪುಟ್ಟಮಾದಮ್ಮ ಇದ್ಲಲ್ಲ, ಅವಳ್ಗೆ ಸೊಪ್ಪು ಅದಾ?"

ಆ್ಯಪ್‌ನಲ್ಲಿ ತೋಟದ ಕೋಷ್ಟಕ ಬೇರೆಯೇ ಇತ್ತು, ತುಂಬಲೇಬೇಕೆಂದು ಇರಲಿಲ್ಲ. ಆದ್ದರಿಂದ ಸುಳ್ಳು ರೈತರಿಗೆ ನಾವು ಬುಕಿಂಗ್ ಕೊಟ್ಟಿದ್ದೆವು, ತೋಟ ಕೊಟ್ಟಿರಲಿಲ್ಲ. ಇಲ್ಲ ಎಂದೆ.

"ಸೊಪ್ಪಿಲ್ದೆ ಉಳ ಬುಕ್ ಮಾಡ್ಸಿದಿಯಾ?" ಎಂದಳು. ಬೈಯುವ ದನಿಯಲ್ಲ ಅದು. "ಪಾಪ, ಅವಳು ಏನ್ ಮಾಡಾಳು?"

ಕೊಳ್ಳೇಗಾಲಕ್ಕೆ ಬಂದು ಕೆಲಸ ಹಿಡಿದೆ. ಲೈಬ್ರರಿ ತಾನು ಸೇರಿಸಿದ ಪ್ರತಿ ಸಾಲನ್ನೂ ಒಂದು ಬೇರೆ ಕೋಷ್ಟಕದಲ್ಲಿ ಬರೆದಿಡಬೇಕು, ಅಲ್ಲಿ ಬರೆಯದ ಯಾವುದನ್ನೂ ಅಳಿಸಬಾರದು. ಹೇಳಲು ಸುಲಭ. ಮೊದಲು ಸಾಲು ಸೇರಿಸಿ, ಆಮೇಲೆ ಗುರುತು ಬರೆಯುವ ಹಾಗೆ ಮಾಡಿದೆ. ಪರೀಕ್ಷೆಯ ಡೇಟಾಬೇಸು ಬ್ಯಾಟರಿಯಿಲ್ಲದ ಹಳೆಯ ಯಂತ್ರದಲ್ಲಿತ್ತು. ಒಂದು ಮಧ್ಯಾಹ್ನ ಸರಿಯಾಗಿ ಈ ಎರಡು ಬರಹಗಳ ನಡುವೆ ಕರೆಂಟು ಹೋಯಿತು, ಮಗ್ಗ ನಿಂತಿತು. ಕರೆಂಟು ಬಂದ ಮೇಲೆ ನೋಡಿದರೆ ಗುರುತಿಲ್ಲದ ಸುಳ್ಳು ಜನ ಒಂದಿಷ್ಟು ಉಳಿದುಬಿಟ್ಟಿದ್ದರು. ಇನ್ನು ಅವರು ನಿಜದವರೇ, ಅಳಿಸುವ ಹಾಗಿಲ್ಲ. ಎರಡೂ ಬರಹ ಒಟ್ಟಿಗೇ ಆಗಬೇಕು, ಇಲ್ಲವೇ ಎರಡೂ ಆಗಬಾರದು ಎಂದು ಎರಡನ್ನೂ ಒಂದೇ ಗಂಟಿನೊಳಗೆ ಕಟ್ಟಿದೆ. ಅದಾದ ಮೇಲೆ ಇನ್ನೊಂದು ತೊಡಕು. ಕೆಲವು ಡೇಟಾಬೇಸುಗಳು ಅಳಿದವರ ಕ್ರಮಸಂಖ್ಯೆಯನ್ನು ಹೊಸಬರಿಗೆ ಕೊಡುತ್ತವೆ. ಸುಳ್ಳು ರೈತನನ್ನು ಯಾರೋ ಕೈಯಿಂದ ಅಳಿಸಿ, ಅದೇ ಸಂಖ್ಯೆ ನಿಜವಾದವಳಿಗೆ ಸಿಕ್ಕರೆ ನಮ್ಮ ಗುರುತು ಅವಳನ್ನೇ ತೋರಿಸುತ್ತದೆ. ಅದಕ್ಕೆ ಸಂಖ್ಯೆಯ ಜೊತೆಗೆ, ಸಾಲನ್ನು ಸೇರಿಸಿದಾಗ ಅದರಲ್ಲಿ ಏನಿತ್ತು ಎಂಬುದರ ಅಚ್ಚನ್ನೂ ಇಟ್ಟೆ. ಎರಡೂ ಹೊಂದಿದರೆ ಮಾತ್ರ ಅಳಿಸು. ಒಂದಕ್ಷರ ಬದಲಾಗಿದ್ದರೂ ನಿಂತು ಮನುಷ್ಯರನ್ನು ಕೇಳು.

ದೂರದೇಶದ ಜೊತೆಗಾರರು ಒಪ್ಪಲಿಲ್ಲ. ಗುರುತು ಬಿಡದಿರುವುದೇ ನಮ್ಮ ಗುಣ, ಅದು ಹೋದರೆ ನಾವು ಉಳಿದವರ ಹಾಗೇ ಆಗುತ್ತೇವೆ ಎಂದು ಉದ್ದಕ್ಕೆ ಬರೆದರು. ಹೊಂದಿಸಿ ನೋಡುವಾಗ ಹುಟ್ಟಿದ ದಿನವನ್ನೂ ಸೇರಿಸಿದರೆ ಸಾಲದೇ ಎಂದು ಕೇಳಿದರು. ನಮ್ಮ ಕಡೆ ಹಿರಿಯರ ಹುಟ್ಟಿದ ದಿನವೆಲ್ಲ ಶಾಲೆಯವರೋ ಕಚೇರಿಯವರೋ ತುಂಬಿಸಿದ್ದು, ಅರ್ಧ ಊರು ಒಂದೇ ದಿನ ಹುಟ್ಟಿದೆ ಎಂದು ಉತ್ತರಿಸಿದೆ. ಆಮೇಲೆ ಪುಟ್ಟಮಾದಮ್ಮನ ವಿಷಯ ಬರೆದೆ, ಹೆಚ್ಚೇನೂ ಸೇರಿಸದೆ. ಕೆಲವು ದಿನದ ಮೇಲೆ ಅವರಿಂದ ಒಂದೇ ಸಾಲು ಬಂತು: ಮುಚ್ಚಿದ ಆ ಹಳೆಯ ದೂರನ್ನು ತೆರೆಯೋಣ. ನಾನು ಅದನ್ನು ತೆರೆದು, ಕಾರಣ ಸಿಕ್ಕಿತು ಎಂದು ಬರೆದೆ. ಹೊಸ ಆವೃತ್ತಿ ಹೊರಟಿತು. ಹಳೆಯ ಆಜ್ಞೆ ಕೆಲಸ ಮಾಡುತ್ತಿಲ್ಲವೆಂದು ಹಲವರು ಬೈದರು, ಕೆಲವರು ಬಿಟ್ಟುಹೋದರು.

ಆ ನಡುವೆ ಪುಟ್ಟಮಾದಮ್ಮ ಫೋನ್ ಮಾಡಿದ್ದಳು. ಹುಳು ಹಣ್ಣಾಗಿ ಗೂಡು ಕಟ್ಟುವ ಚಂದ್ರಿಕೆಗೆ ಹತ್ತಿವೆ, ಅರ್ಧ ಸೊಪ್ಪು ಮೇಕೆಗೆ ಹೋಯಿತು, ಇನ್ನರ್ಧ ಗೂಡಾಯಿತು ಎಂದಳು. ಅವಳ ಮಾತಿನ ಹಿಂದೆ ಗಾಳಿಯೋ ಎಲೆಯೋ ಸದ್ದು ಮಾಡುತ್ತಿತ್ತು. ಮುಂದಿನ ಬೆಳೆಯಲ್ಲಿ ಅವಳು ಮಾದಪ್ಪನ ಹುಳುವನ್ನು ಮೇಯಿಸಿ ಕೊಟ್ಟಳು. ಕೇಂದ್ರದ ಡೇಟಾಬೇಸಿನಲ್ಲಿ ಆ ಹಿಂದಿನ ಬೆಳೆಗೆ ಅವಳ ಹೆಸರಿಲ್ಲ. ಅಲ್ಲಿ ಲೊಕ್ಕನಹಳ್ಳಿಗೆ ಹುಳು ತರಿಸಿಕೊಂಡವನು ಮಾದಪ್ಪ.

ಹೆಸರುಗಳ ಕಟ್ಟಿನಿಂದ ಪುಟ್ಟಮಾದಮ್ಮನನ್ನು ತೆಗೆಯಲಿಲ್ಲ. ಲೈಬ್ರರಿಯನ್ನು ಕಲಿಯುವವರಿಗೆಂದು ಇಟ್ಟಿರುವ ಮಾದರಿಯನ್ನು ಮಾತ್ರ ಹೊಸದಾಗಿ ಬರೆದೆ. ಅದರಲ್ಲಿ ಒಂದು ಚಾಕಿ ಕೇಂದ್ರವಿದೆ, ರೈತರಿದ್ದಾರೆ, ಮೊದಲ ಬುಕಿಂಗಿಗೆ ತಂದೆಯೂ ಫೋನೂ ಇಲ್ಲ. ಕೋಷ್ಟಕಗಳ ಕ್ರಮ ಬದಲಿಸಿದ್ದೇನೆ: ಮೊದಲು ತೋಟ, ಆಮೇಲೆ ಹುಳು. ತೋಟವಿಲ್ಲದ ಬುಕಿಂಗನ್ನು ಡೇಟಾಬೇಸು ಬಾಗಿಲಲ್ಲೇ ತಡೆಯುತ್ತದೆ. ಮಾದಪ್ಪನದನ್ನು ಮಾತ್ರ ತಡೆಯುವುದಿಲ್ಲ, ಅವನಿಗಾಗಿ ಕೋಡಿನಲ್ಲಿ ಒಂದು ಸಾಲು ಬೇರೆ ಬರೆಯಬೇಕಾಯಿತು. ಎಲ್ಲೆಲ್ಲಿಯೋ ಯಾರ್ಯಾರೋ ಅದನ್ನು ಓಡಿಸುತ್ತಾರೆ, ನೋಡುತ್ತಾರೆ, ಅಳಿಸುತ್ತಾರೆ. ಮತ್ತೆ ಓಡಿಸಿದರೆ ಪುಟ್ಟಮಾದಮ್ಮ ಮತ್ತೆ ಬರುತ್ತಾಳೆ. ಅವಳಿಗಿಂತ ಮೊದಲು ಅವಳ ಸೊಪ್ಪು ಬಂದಿರುತ್ತದೆ.